ಬಂದೀತು, ಬರಬಹುದು, ಭಾಳ ಮಾಡಿ

ಗೋಕಾಕದ ಬಸ್ ನಿಲ್ದಾಣದಲ್ಲಿ ನಿಂತು ‘ನಾಗನೂರಕ್ಕ ಬಸ್ ಐತೇನ್ರಿ?’ ಎಂದು ಕೇಳಿ ನೋಡಿ. ಮೊದಲು ‘ಯಾವ ನಾಗನೂರ್ರಿ?’ ಎಂಬ ಮರುಪ್ರಶ್ನೆ ಬಂದರೂ ಬಂದೀತು. ಏಕೆಂದರೆ ಆ ಹೆಸರು ಮೂಡಲಗಿ ಸೀಮೆಯಲ್ಲೂ ಉಂಟು, ಹುಕ್ಕೇರಿ ಸೀಮೆಯಲ್ಲೂ ಉಂಟು. (ಬೆಂಗಳೂರಿನ ಕಡೆಯವರು ಕೊನೆಗೊಂದು ಉಕಾರ ಹಚ್ಚಿ ‘ನಾಗನೂರು’ ಎಂದು ಬರೆದುಬಿಡುತ್ತಾರೆ. ಊರಿನವರಿಗೆ ಅದು ನಾಗನೂರ. ಈ ಉಕಾರದ ಮಾತು ಮುಂದೆಯೂ ಬರಲಿದೆ, ನೆನಪಿಡಿ.) ಯಾವ ಊರೆಂಬುದು ಇತ್ಯರ್ಥವಾದ ಮೇಲೆ ಉತ್ತರಗಳು ಶುರುವಾಗುತ್ತವೆ. ಕಟ್ಟೆಯ ಮೇಲೆ ಕುಳಿತ ಅಜ್ಜ ‘ಬಂದೀತ ತಗೋ ತಮ್ಮಾ’ ಎನ್ನುತ್ತಾನೆ. ಬಾಳೆಹಣ್ಣು ಮಾರುವಾಕೆ ‘ಬರಬೇಕ್ರಿ, ಟೈಮ್ ಆತಲ್ಲ’ ಎನ್ನುತ್ತಾಳೆ. ಕಾಲೇಜಿನ ಹುಡುಗ ‘ಬರಬಹುದ್ರಿ’ ಎನ್ನುತ್ತಾನೆ. ಚಹಾದಂಗಡಿಯವನು ಮಾತ್ರ ಬಸಿ ತೊಳೆಯುತ್ತಲೇ ‘ಭಾಳ ಮಾಡಿ ಇವತ್ತ ಬರೂದಿಲ್ರಿ, ಜಾತ್ರಿಗೆ ಬಿಟ್ಟಾರ’ ಎಂದು ನಿರಾಶೆ ಹುಟ್ಟಿಸುತ್ತಾನೆ.

ನಾಲ್ವರೂ ಹೇಳಿದ್ದು ಒಂದೇ ಸಂಗತಿ: ಬಸ್ಸಿನ ವಿಷಯ ಖಚಿತವಿಲ್ಲ. ಆದರೆ ನಾಲ್ವರ ಮಾತಿನ ತೂಕ ಒಂದೇ ಅಲ್ಲ. ಅಜ್ಜನಿಗೆ ಭರವಸೆ ಇದೆ, ಆದರೆ ಅದಕ್ಕೆ ಆತ ಜಾಮೀನು ನಿಲ್ಲಲಾರ. ಹಣ್ಣು ಮಾರುವಾಕೆ ಹೊತ್ತು ನೋಡಿ ಲೆಕ್ಕ ಹಾಕಿದ್ದಾಳೆ. ಹುಡುಗ ಬರುತ್ತದೆಂದೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ಚಹಾದವನು ನಾಲ್ಕಾರು ಜಾತ್ರೆಗಳನ್ನು ಕಂಡವನು, ರೂಢಿಯ ಮೇಲೆ ಹೇಳುತ್ತಾನೆ. ಇನ್ನೊಂದು ಗಮನಿಸಬೇಕಾದ ಮಾತೆಂದರೆ ನಾಲ್ವರಲ್ಲಿ ಒಬ್ಬರೂ ‘ಬಹುಶಃ’ ಎನ್ನಲಿಲ್ಲ. ನಮ್ಮ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಸಂದೇಹಕ್ಕೆಲ್ಲ ಒಂದೇ ಮದ್ದಾಗಿರುವ ಆ ಪದ ಬಸ್ ನಿಲ್ದಾಣದ ಕಟ್ಟೆಗೆ ಇನ್ನೂ ಸರಿಯಾಗಿ ಬಂದು ಕುಳಿತಿಲ್ಲ.

ಮೊದಲು ಆ ‘ಬಹುಶಃ’ವನ್ನೇ ನೋಡೋಣ. ಅನೇಕರು ಇದನ್ನು ‘ಬಹುಷಃ’ ಎಂದು ಬರೆಯುತ್ತಾರೆ. ಅದು ತಪ್ಪು. ಕ್ರಮಶಃ, ಅಕ್ಷರಶಃ, ಶತಶಃ ಎಂಬಲ್ಲಿ ಇರುವ ‘ಶಃ’ ಪ್ರತ್ಯಯವೇ ಇಲ್ಲಿಯೂ ಇರುವುದು. ಸಂಸ್ಕೃತದಲ್ಲಿ ಬಹುಶಃ ಎಂದರೆ ಅನೇಕ ಸಲ, ಹೇರಳವಾಗಿ, ಬಗೆಬಗೆಯಾಗಿ. ಅಲ್ಲಿ ಅದಕ್ಕೆ ಸಂದೇಹದ ಸೋಂಕಿಲ್ಲ. ಕನ್ನಡಕ್ಕೂ ತೆಲುಗಿಗೂ ಬಂದಮೇಲೆ ಅದು ‘ಇದ್ದರೂ ಇರಬಹುದು’ ಎಂಬ ಅರ್ಥಕ್ಕೆ ತಿರುಗಿತು. ಹಿಂದಿಯವರಿಗೆ ಈ ಅರ್ಥದಲ್ಲಿ ಬಹುಶಃ ಗೊತ್ತಿಲ್ಲ. ಅವರು ಪಾರಸಿಯಿಂದ ಬಂದ ‘ಶಾಯದ್’ ಎನ್ನುತ್ತಾರೆ. ‘ಪ್ರಾಯಶಃ’ ಎಂಬುದರ ಕಥೆಯೂ ಹತ್ತಿರದ್ದೇ. ಅದರ ಮೂಲಾರ್ಥ ‘ಹೆಚ್ಚಿನ ಮಟ್ಟಿಗೆ, ಸಾಮಾನ್ಯವಾಗಿ’. ಹಲವು ಸಲ ಆಗುವಂಥದು ಈ ಸಲವೂ ಆದೀತು ಎಂಬ ಲೆಕ್ಕಾಚಾರ ಈ ಅರ್ಥಪಲ್ಲಟದ ಒಳಗೆ ಕುಳಿತಿದೆ. ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು 1654ರಲ್ಲಿ ಜೂಜಾಟದ ಪಾಲು ಹಂಚುವ ಪ್ರಶ್ನೆಯ ಮೇಲೆ ಪತ್ರ ಬರೆದುಕೊಂಡು ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದರು ಎನ್ನುತ್ತಾರೆ. ಎಷ್ಟು ಸಲ ಆಗಿದೆಯೋ ಅಷ್ಟು ನಂಬಿಕೆ ಎಂಬ ಸರಳ ಲೆಕ್ಕವನ್ನು ಭಾಷೆಗಳು ಯಾವ ಗಣಿತಜ್ಞನನ್ನೂ ಕಾಯದೆ ತಾವೇ ಮಾಡಿಕೊಂಡಿದ್ದವು.

ಚಹಾದಂಗಡಿಯವನ ‘ಭಾಳ ಮಾಡಿ’ ಈ ಲೆಕ್ಕದ್ದೇ. ಹಳೆ ಮೈಸೂರಿನವರು ಬೆಳಗಾವಿಗೆ ಹೊಸದಾಗಿ ವರ್ಗವಾಗಿ ಬಂದಾಗ ಈ ಮಾತು ಕೇಳಿ ತಬ್ಬಿಬ್ಬಾಗುತ್ತಾರೆ. ‘ಬಹಳ ಮಾಡಿ’ ಏನನ್ನು ಮಾಡುವುದು? ಇಲ್ಲಿ ಮಾಡುವುದೇನೂ ಇಲ್ಲ. ಪಕ್ಕದ ಮರಾಠಿಯಲ್ಲಿ ‘ಬಹುತಕರೂನ್’ ಎಂಬ ಮಾತುಂಟು. ‘ಕರೂನ್’ ಎಂದರೆ ‘ಮಾಡಿ’. ಹೆಚ್ಚಾಗಿ, ಬಹುಮಟ್ಟಿಗೆ, ಆದಕಾರಣ ಈಗಲೂ ಹಾಗೆಯೇ ಆಗುವ ಸಂಭವ ಎಂದು ಅದರ ಅರ್ಥ. ‘ಭಾಳ ಮಾಡಿ’ ಅದರ ಪಡಿಯಚ್ಚು. ‘ಬಹುತೇಕ’ದ್ದು ಇನ್ನೂ ಸ್ವಾರಸ್ಯ. ದಕ್ಷಿಣದವರಿಗೆ ಬಹುತೇಕ ಎಂದರೆ ‘ಹೆಚ್ಚಿನ’ ಮಾತ್ರ: ಬಹುತೇಕ ಜನ, ಬಹುತೇಕ ಊರುಗಳು. ಮರಾಠಿಯಲ್ಲಿ ಅದೇ ಪದಕ್ಕೆ ‘ಬಹುಶಃ’ ಎಂಬ ಅರ್ಥವೂ ಉಂಟು. ಗಡಿಯ ಈಚೆಗೂ ಆ ಅರ್ಥ ದಾಟಿ ಬಂದಿದೆ. ‘ಬಹುತೇಕ ಗೌಡ್ರು ನಾಳೆ ಬರತಾರ್ರಿ’ ಎಂದರೆ ಗೌಡರು ತುಂಡುತುಂಡಾಗಿ ಬರುತ್ತಾರೆಂದಲ್ಲ! ಎರಡು ಭಾಷೆಗಳ ಜನ ಒಂದೇ ಸಂತೆಯಲ್ಲಿ ನೂರಾರು ವರ್ಷ ವ್ಯವಹಾರ ಮಾಡಿದರೆ ಸರಕಷ್ಟೇ ಅಲ್ಲ, ಸಂದೇಹಗಳೂ ವಿನಿಮಯವಾಗುತ್ತವೆ.

ಆದರೆ ಕನ್ನಡದ ಸ್ವಂತ ಬಂಡವಾಳ ಇರುವುದು ಬಿಡಿ ಪದಗಳಲ್ಲಿ ಅಲ್ಲ, ಕ್ರಿಯಾಪದದ ಬಾಲದಲ್ಲಿ.

‘ಬಹುದು’ ಎಂಬುದನ್ನು ನಾವು ದಿನಕ್ಕೆ ನೂರು ಸಲ ಬಳಸುತ್ತೇವೆ. ಅದು ಬೇರೇನೂ ಅಲ್ಲ, ‘ಬರು’ ಧಾತುವಿನ ಹಳೆಯ ರೂಪ. ಬರ್ಪುದು, ಬಪ್ಪುದು, ಬಹುದು. ಅಂದರೆ ‘ಬರುವುದು’. ‘ಮಾಡಬಹುದು’ ಎಂದರೆ ಮಾಡಲು ಬರುವುದು. ‘ನನಗೆ ಈಜು ಬರುತ್ತದೆ’ ಎನ್ನುವಾಗ ಇಂದೂ ಆ ‘ಬರು’ ಶಕ್ತಿಯನ್ನು ಸೂಚಿಸುತ್ತದೆ. ಹೀಗೆಯೇ ‘ಆಗು’ ಧಾತುವಿನ ಅಪ್ಪುದು, ಅಹುದು ಎಂಬ ರೂಪವೇ ಸವೆದು ‘ಹೌದು’ ಆಯಿತು. ನಾವು ಇಷ್ಟು ಗಟ್ಟಿಯಾಗಿ ತಲೆಯಾಡಿಸಿ ಹೇಳುವ ಹೌದು ಕೂಡ ಒಂದು ಕಾಲಕ್ಕೆ ‘ಆಗುವುದು’ ಮಾತ್ರವಾಗಿತ್ತು.

ಬಹುದಿನ ಎದುರುರೂಪ ‘ಬಾರದು’. ಹಳೆಗನ್ನಡದಲ್ಲಿ ‘ಹೇಳಬಾರದು’ ಎಂದರೆ ಹೇಳಲು ಬರುವುದಿಲ್ಲ, ಹೇಳಲಾಗದು. ಇಂದು ಅದು ನಿಷೇಧ. ‘ಇಲ್ಲಿ ಉಗುಳಬಾರದು’ ಎಂಬ ಹಲಗೆಯನ್ನು ಹಳೆಗನ್ನಡದವನು ಓದಿದರೆ, ಇಲ್ಲಿ ಉಗುಳಲು ಯಾರಿಗೂ ಸಾಧ್ಯವಿಲ್ಲ ಎಂದು ತಿಳಿದಾನು. ಗೋಡೆ ನೋಡಿ ಬೆರಗಾದಾನು. ಜೋಡಿಯಲ್ಲಿ ಒಂದು ಹೀಗೆ ಆಜ್ಞೆಯ ಕಡೆಗೆ ಹೊರಟುಹೋದದ್ದರಿಂದ ಬಹುದಿಗೆ ಸರಿಯಾದ ನಿಷೇಧರೂಪ ಉಳಿಯಲಿಲ್ಲ. ಆ ಜಾಗಕ್ಕೆ ‘ಬರಲಿಕ್ಕಿಲ್ಲ’, ‘ಇರಲಿಕ್ಕಿಲ್ಲ’ ಬಂದವು. ಬಹುದಿಗೂ ಎರಡು ಮುಖ. ‘ನೀವಿನ್ನು ಹೋಗಬಹುದು’ ಎಂದರೆ ಅಪ್ಪಣೆ. ‘ಅವರು ನಾಳೆ ಹೋಗಬಹುದು’ ಎಂದರೆ ಊಹೆ. ‘ಅಧಿಕಾರಿಗಳು ನದಿಗೆ ನೀರು ಬಿಡಬಹುದು’ ಎಂದರೆ? ಬಿಡುವ ಅಧಿಕಾರ ಅವರಿಗಿದೆ ಎಂದೇ, ಬಿಡುವ ಸಂಭವವಿದೆ ಎಂದೇ? ವಾಕ್ಯ ಬಾಯಿ ಬಿಡುವುದಿಲ್ಲ.

ಇನ್ನು ಅಜ್ಜನ ‘ಬಂದೀತು’. ಹೈಸ್ಕೂಲಿನ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥಗಳ ಪಕ್ಕದಲ್ಲಿ ‘ಸಂಭಾವನಾರ್ಥ’ ಎಂದು ಕಲಿತದ್ದು ನೆನಪಿದ್ದೀತು. ಬಂದೇನು, ಬಂದೀಯೆ, ಬಂದಾನು, ಬಂದಾಳು, ಬಂದೀತು, ಬಂದಾರು. (ಪುರೋಹಿತರಿಗೂ ಲೇಖಕರಿಗೂ ಕೊಡುವ ಸಂಭಾವನೆ ಬೇರೆ. ಅದು ಬಂದೀತೋ ಇಲ್ಲವೋ ಎಂಬ ಅನುಮಾನದಿಂದ ಎರಡಕ್ಕೂ ಒಂದೇ ಹೆಸರು ಬಂತೆಂದು ನನ್ನ ತಮಾಷೆಯ ಸಿದ್ಧಾಂತ.) ಈ ರೂಪ ಭೂತಕಾಲದ ಅಂಗದ ಮೇಲೆ ಕಟ್ಟಿದ್ದು ಎಂಬುದನ್ನು ಗಮನಿಸಿ. ‘ಬಂದ್’ ಎಂಬುದು ಆಗಿಹೋದದ್ದರ ಗುರುತು. ಆಗಿಹೋದದ್ದರ ಅಂಗಕ್ಕೆ ಇನ್ನೂ ಆಗದಿರುವುದರ ಪ್ರತ್ಯಯ. ಆಡುವವನು ಆ ಸಂಗತಿಯನ್ನು ಮನಸ್ಸಿನಲ್ಲಿ ಒಮ್ಮೆ ನಡೆಸಿ ನೋಡಿದ್ದಾನೆ ಎನ್ನುವಂತೆ.

ಇಲ್ಲಿ ಆ ಉಕಾರದ ಮಾತು. ಗೋಕಾಕ, ಮೂಡಲಗಿ ಕಡೆಯ ಆಡುನುಡಿಯಲ್ಲಿ ‘ಅಂವ ಬಂದಾನ’ ಎಂದರೆ ಬಂದಿದ್ದಾನೆ, ಒಳಗೆ ಕುಳಿತಿದ್ದಾನೆ. ‘ಅಂವ ಬಂದಾನು’ ಎಂದರೆ ಬರುವ ಸಂಭವವಿದೆ. ‘ಬಂದಾರ’ ಎಂದರೆ ನೀರು ತಂದುಕೊಡಿ. ‘ಬಂದಾರು’ ಎಂದರೆ ಅಕ್ಕಿ ಒಂದು ಹಿಡಿ ಹೆಚ್ಚು ಹಾಕಿ. ಆದದ್ದಕ್ಕೂ ಆದೀತೆನ್ನುವುದಕ್ಕೂ ನಡುವೆ ಇರುವ ಗೋಡೆ ಒಂದು ಸ್ವರದಷ್ಟು ತೆಳ್ಳಗೆ. ಮೈಸೂರಿನ ಕಿವಿಗೆ ಇದು ಕೇಳಿಸುವುದೇ ಇಲ್ಲ.

ಈ ರೂಪ ಮಾಡುವ ಕೆಲಸಗಳು ಹಲವು. ಮನೆಯಲ್ಲಿ ಅತಿ ಹೆಚ್ಚು ಕೇಳುವುದು ಎಚ್ಚರಿಕೆಯಾಗಿ. ಕಟ್ಟೆಯ ಮೇಲೆ ಓಡುವ ಮೊಮ್ಮಗನಿಗೆ ಅಜ್ಜಿ ‘ಏ, ಬಿದ್ದೀ!’ ಎನ್ನುತ್ತಾಳೆ. ‘ನಾಯಿ ಕಡದೀತ’, ‘ಕೈ ಸುಟ್ಟೀತ’. ಅಜ್ಜಿ ಇಲ್ಲಿ ಭವಿಷ್ಯ ಹೇಳುತ್ತಿಲ್ಲ. ಹೀಗಾಗದಿರಲಿ ಎಂದೇ ಹೇಳುತ್ತಿದ್ದಾಳೆ. ‘ನೀನು ಬೀಳಬಹುದು’ ಎಂದರೆ ಅದು ವೈದ್ಯರ ಮಾತು, ಹುಡುಗ ನಿಲ್ಲುವುದಿಲ್ಲ. ‘ಬಿದ್ದೀ’ ಎಂದರೆ ನಿಲ್ಲುತ್ತಾನೆ. ಇದೇ ರೂಪಕ್ಕೆ ಪ್ರಶ್ನೆಯ ಕೊಂಡಿ ಹಚ್ಚಿದರೆ ಅರ್ಥ ಪೂರಾ ಮಗುಚಿಬೀಳುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ನಾಯಿ ಬೊಗಳಿದರೆ ದೇವಲೋಕ ಹಾಳಾದೀತೆ? ಇಲ್ಲಿ ಸಂದೇಹದ ಲವಲೇಶವೂ ಇಲ್ಲ. ಖಂಡಿತ ಬಗ್ಗದು, ಖಂಡಿತ ಹಾಳಾಗದು. ಅತ್ಯಂತ ಮೆತ್ತಗಿನ ರೂಪದಿಂದ ಅತ್ಯಂತ ಗಟ್ಟಿಯಾದ ನಿರಾಕರಣೆ ಹುಟ್ಟುವುದು ವಿಚಿತ್ರವೇ ಸರಿ.

ಒಪ್ಪಿಗೆಗೂ ಇದೇ. ‘ಆತ್ರಿ’ ಎಂದರೆ ಮಾತು ಮುಗಿಯಿತು, ಕೆಲಸ ಆದಂತೆಯೇ. ‘ಆದೀತ್ರಿ’ ಎಂದರೆ ಒಪ್ಪಿದ್ದೇನೆ, ಆದರೆ ಒಂದು ಕಾಲು ಹೊರಗಿದೆ. ಈ ವ್ಯತ್ಯಾಸವನ್ನು ಕಬ್ಬು ಬೆಳೆಯುವವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನಗಳ ಒಳಗೆ ಕಾರ್ಖಾನೆ ಹಣ ಪಾವತಿ ಮಾಡಬೇಕು. ಇಲ್ಲಿ ‘ಬೇಕು’ ಕಾನೂನಿನದು. ರೈತ ಹೋಗಿ ಕೇಳಿದಾಗ ಕಿಟಕಿಯ ಆಚೆಯಿಂದ ‘ಮುಂದಿನ ವಾರ ಆಗತೈತಿ’ ಎಂದರೆ ಆತ ಬೀಗರಿಗೆ ಮಾತು ಕೊಡುತ್ತಾನೆ. ‘ಆಗಬಹುದು’ ಎಂದರೆ ಸೊಸೈಟಿಯ ಸಾಲಕ್ಕೆ ಇನ್ನೊಂದು ತಿಂಗಳ ಅವಧಿ ಕೇಳುತ್ತಾನೆ. ‘ಆದೀತು ನೋಡೂಣ’ ಎಂದರೆ ಬಡ್ಡಿಯವನ ಮನೆಯ ದಾರಿ ಹಿಡಿಯುತ್ತಾನೆ. ಗುಮಾಸ್ತನ ಬಾಯಿಂದ ಬಂದ ಕ್ರಿಯಾಪದದ ಬಾಲ ಹಿಡಿದು ಒಂದು ಸಂಸಾರದ ಆ ತಿಂಗಳ ಲೆಕ್ಕ ನಿರ್ಧಾರವಾಗುತ್ತದೆ.

‘ಬರಬೇಕು’ ಎಂಬ ಹಣ್ಣಿನವಳ ಮಾತಿಗೆ ಹೆಚ್ಚು ವಿವರಣೆ ಬೇಡ. ಇಲ್ಲಿ ಬೇಕು ಎನ್ನುವುದು ಆಸೆಯಲ್ಲ, ತರ್ಕ. ‘ದೀಪ ಉರಿಯುತ್ತಿದೆ, ಬಂದಿರಬೇಕು’ ಎನ್ನುವಾಗ ಕಂಡದ್ದರಿಂದ ಕಾಣದ್ದನ್ನು ಹಿಡಿಯುತ್ತೇವೆ. ಹೊಗೆ ಕಂಡು ಬೆಂಕಿ ಊಹಿಸುವ ನೈಯಾಯಿಕರ ಕೆಲಸವನ್ನು ಕನ್ನಡದಲ್ಲಿ ಇದೊಂದು ಪದ ಮಾಡುತ್ತದೆ.

ಅಂದರೆ ಕನ್ನಡದ ಈ ರೂಪಗಳು ಸಂಗತಿ ಎಷ್ಟರ ಮಟ್ಟಿಗೆ ನಡೆದೀತು ಎಂಬುದಕ್ಕಿಂತ, ಹೇಳುವವನು ಯಾವ ಆಧಾರದ ಮೇಲೆ ನಿಂತು ಹೇಳುತ್ತಿದ್ದಾನೆ ಎಂಬುದನ್ನು ಹೆಚ್ಚು ಹೇಳುತ್ತವೆ. ಕಣ್ಣಿಗೆ ಕಂಡದ್ದೋ, ರೂಢಿಯೋ, ಭಯವೋ, ಬರಿಯ ಊಹೆಯೋ. ಈ ನಾಡಿನ ಜೈನ ತಾರ್ಕಿಕರು ಇದನ್ನೇ ಒಂದು ದರ್ಶನವಾಗಿ ಬೆಳೆಸಿದ್ದರು. ಸ್ಯಾದ್ವಾದದ ‘ಸ್ಯಾತ್’ ಎಂಬುದು ಸಂಸ್ಕೃತದ ‘ಅಸ್’ ಧಾತುವಿನ ರೂಪ; ಪದಕ್ಕೆ ಪದ ಹೇಳುವುದಾದರೆ ‘ಇದ್ದೀತು’. ಆದರೆ ಸಮಂತಭದ್ರ, ಅಕಲಂಕರ ಪರಂಪರೆಯವರು ಸ್ಯಾತ್ ಎಂದರೆ ಸಂಶಯವಲ್ಲ, ‘ಒಂದು ದೃಷ್ಟಿಯಿಂದ’ ಎಂದು ಒತ್ತಿ ಹೇಳುತ್ತಾರೆ. ಯಾವ ಕಡೆಯಿಂದ ನೋಡಿ ಹೇಳಿದ್ದು ಎಂಬುದು ಸೇರಿದಾಗಲೇ ಹೇಳಿಕೆ ಪೂರ್ಣ. ಕರ್ನಾಟಕದ ಎಷ್ಟೋ ಜೈನ ಶಾಸನಗಳು ಸ್ಯಾದ್ವಾದವನ್ನು ಜಿನಶಾಸನದ ಲಾಂಛನವೆಂದು ಹೊಗಳುವ ಶ್ಲೋಕದಿಂದಲೇ ಆರಂಭವಾಗುತ್ತವೆ. ಭೂಮಿ ದಾನದಂಥ ಖಚಿತ ವ್ಯವಹಾರದ ಕಲ್ಲಿನ ನೆತ್ತಿಯ ಮೇಲೆ ‘ಇದ್ದೀತು’ ಎಂಬ ಪದ!

ಆಧಾರ ಬಿಟ್ಟು ಬರಿಯ ಸಂಭವವನ್ನು ಒಂದು ಪದದಲ್ಲಿ ಕಟ್ಟಿಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊರಜಗತ್ತಿನಲ್ಲೊಂದು ಪ್ರಸಿದ್ಧ ಉದಾಹರಣೆ ಇದೆ. 1951ರಲ್ಲಿ ಅಮೆರಿಕದ ಗುಪ್ತಚರ ಇಲಾಖೆ ಯುಗೋಸ್ಲಾವಿಯದ ಮೇಲೆ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಎಂದು ವರದಿ ಬರೆಯಿತು. ವರದಿಯ ಹೊಣೆ ಹೊತ್ತಿದ್ದ ಶೆರ್ಮನ್ ಕೆಂಟ್ ಎಂಬಾತನ ಮನಸ್ಸಿನಲ್ಲಿ ಅದರ ಅರ್ಥ ನೂರಕ್ಕೆ 65ರಷ್ಟು ಸಂಭವ ಎಂದಿತ್ತು. ಆಮೇಲೆ ಜೊತೆಗೆ ಕುಳಿತು ಬರೆದ ಸಹೋದ್ಯೋಗಿಗಳನ್ನೇ ಕೇಳಿದಾಗ ಒಬ್ಬ 20 ಎಂದ, ಇನ್ನೊಬ್ಬ 80 ಎಂದ. ಎಲ್ಲರೂ ಸಹಿ ಹಾಕಿದ್ದು ಅದೇ ಎರಡು ಪದಗಳಿಗೆ. 1964ರಲ್ಲಿ ಕೆಂಟ್ ಇದರ ಬಗ್ಗೆ ಒಂದು ಲೇಖನ ಬರೆದು, ಇಂಥ ಪದಗಳಿಗೆ ಅಂಕಿ ಕಟ್ಟಬೇಕೆಂದು ವಾದಿಸಿದ.

ಹವಾಮಾನದವರು ಈಗ ಹಾಗೆ ಅಂಕಿ ಕಟ್ಟಿದ್ದಾರೆ. ಆದರೂ ಗೋಜಲು ತಪ್ಪಿಲ್ಲ. ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಡುವ ಅಂತರಸರ್ಕಾರಿ ಸಮಿತಿ ‘ಲೈಕ್ಲಿ’ ಎಂದರೆ ನೂರಕ್ಕೆ 66 ಅಥವಾ ಹೆಚ್ಚು. ನಮ್ಮ ಭಾರತೀಯ ಹವಾಮಾನ ಇಲಾಖೆ ಅದೇ ‘ಲೈಕ್ಲಿ’ ಎಂದರೆ 25ರಿಂದ 50. ‘ವೆರಿ ಲೈಕ್ಲಿ’ ಎಂದರೆ 50ರಿಂದ 75. ‘ಮೋಸ್ಟ್ ಲೈಕ್ಲಿ’ ಎಂದರೆ 75ಕ್ಕಿಂತ ಮೇಲೆ. ಇಂಗ್ಲಿಷ್ ಪ್ರಕಟಣೆಯ ಅಡಿಯಲ್ಲಿ ಈ ಕೋಷ್ಟಕ ಸಣ್ಣ ಅಕ್ಷರದಲ್ಲಿರುತ್ತದೆ. ಅದು ಕನ್ನಡದ ಸುದ್ದಿಯಾಗುವಾಗ ಕೋಷ್ಟಕ ಉದುರಿಹೋಗಿ, ಮೂರಕ್ಕೂ ಸೇರಿ ಸಾಮಾನ್ಯವಾಗಿ ಒಂದೇ ವಾಕ್ಯ ಉಳಿಯುತ್ತದೆ: ‘ಮಳೆಯಾಗುವ ಸಾಧ್ಯತೆ ಇದೆ.’ ಸಾಧ್ಯ ಎಂದರೆ ಆಗಬಲ್ಲದ್ದು ಎಂದಷ್ಟೆ. ಬೇಸಿಗೆಯ ಮಧ್ಯಾಹ್ನವೂ ಮಳೆ ಸಾಧ್ಯವೇ. ಸಂಭವ ಎಂದಿದ್ದರೆ ಸ್ವಲ್ಪ ವಾಸಿ. (ಈ ಪದದ್ದೂ ಒಂದು ಚೇಷ್ಟೆ ಇದೆ. ‘ಅಪಘಾತ ಸಂಭವಿಸಿದೆ’ ಎಂದರೆ ಆಗಿಹೋಯಿತು. ‘ಸಂಭವವಿದೆ’ ಎಂದರೆ ಇನ್ನೂ ಆಗಿಲ್ಲ.)

ನದಿದಂಡೆಯವರಿಗೆ ಇದು ಪದಗಳ ಆಟವಲ್ಲ. ಘಟಪ್ರಭೆಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. ಅದರ ಕೆಳಗೆ ಹಿರಣ್ಯಕೇಶಿ ಬಂದು ಸೇರುತ್ತದೆ. ಗೋಕಾಕದ ಹತ್ತಿರ ಮಾರ್ಕಂಡೇಯ ಸೇರುತ್ತದೆ. ಮೂರರ ನೀರೂ ಘಟ್ಟದ ಕಡೆಯದು. ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ. ಆದ್ದರಿಂದ ಮೂಡಲಗಿ ಕಡೆ ಬಿಸಿಲಿದ್ದಾಗಲೂ ಹೊಳೆ ಏರಬಲ್ಲದು. ಅಣೆಕಟ್ಟಿನ ಬಾಗಿಲು ಎಷ್ಟು ತೆರೆಯುತ್ತಾರೆ, ಇನ್ನೆರಡು ಹೊಳೆಗಳು ಎಷ್ಟು ತರುತ್ತವೆ ಎಂಬುದು ಕೂಡಿದರೇ ಲೆಕ್ಕ. 2019ರ ಆಗಸ್ಟ್‌ನಲ್ಲಿ ಮೂರೂ ಕೂಡಿದವು. ಗೋಕಾಕದ ಪೇಟೆಗೆ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿ ದಾರಿ ಕಡಿಯಿತು.

ನನ್ನ ಸೋದರಮಾವನ ಮನೆ ಆ ನದಿದಂಡೆಯ ಒಂದು ಹಳ್ಳಿಯಲ್ಲಿದೆ. ಆ ದಿನಗಳಲ್ಲಿ ಮೊಬೈಲಿಗೆ ಬಂದ ಸಂದೇಶ ‘ನದಿಗೆ ಹೆಚ್ಚುವರಿ ನೀರು ಬಿಡುವ ಸಾಧ್ಯತೆ ಇದೆ, ಎಚ್ಚರದಿಂದಿರಿ’ ಎಂಬುದು. ಅದನ್ನು ಮಾಮಾ ಎರಡು ಸಲ ಓದಿಸಿಕೊಂಡು, ‘ಅಂದ್ರ ಬಂದ್ರ ಬಂತು, ಇಲ್ಲಂದ್ರ ಇಲ್ಲ’ ಎಂದು ತನ್ನ ಭಾಷೆಗೆ ಅನುವಾದ ಮಾಡಿಕೊಂಡ. ಪ್ರತಿ ಮಳೆಗಾಲವೂ ಅದೇ ಸಂದೇಶ ಬಂದಿತ್ತು. ಅದರ ವಾಕ್ಯ ಒಂದಕ್ಷರವೂ ಬದಲಾಗಿರಲಿಲ್ಲ. ಸಂಜೆ ಹೊಳೆಯ ಕಡೆ ಹೋಗಿ ಬಂದ ನೆರೆಮನೆಯವರು ‘ರಾತ್ರಿ ಊರಾಗ ಹೊಕ್ಕೀತ, ದನಾ ಬಿಚ್ಚರಿ’ ಎಂದರು. ಆಗ ಮಾಮಾ ಎದ್ದ. ದನಗಳನ್ನು ಎತ್ತರದ ಶಾಲೆಯ ಬಯಲಿಗೆ ಹೊಡೆದುಕೊಂಡು ಹೋದರು. ಆದರೆ ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸೋಣ ಎಂದ ಮಗನಿಗೆ ‘ನಡುಮನಿತನಾ ಬರಲಿಕ್ಕಿಲ್ಲ ಬಿಡ’ ಎಂದವನೂ ಮಾಮಾನೇ. ದನ ಉಳಿದವು. ವರ್ಷದ ಜೋಳ ಮೊಳಕೆಯೊಡೆದು ನಾರಿತು.

ಸಂದೇಶ ಬರೆದವರದು ಸುಳ್ಳಲ್ಲ; ಅವರ ವಾಕ್ಯದ ಪ್ರಕಾರ ಬಂದರೂ ಸರಿ, ಬರದಿದ್ದರೂ ಸರಿ. ಯಾರ ಮೇಲೂ ಆಕ್ಷೇಪ ಬಾರದಂಥ ವಾಕ್ಯ ಅದು, ಕೇಳುವವನಿಗೆ ಏನೂ ತಿಳಿಯದಂಥದೂ ಅದೇ. ಇಲಾಖೆಯವರು ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆ ಕೊಡುವುದು ಇದಕ್ಕೊಂದು ಉಪಾಯ. ಬಣ್ಣದ ಜೊತೆಗೆ ಒಂದು ಕ್ರಿಯಾಪದವನ್ನೂ ಬದಲಿಸಿದ್ದರೆ ಚೆನ್ನಾಗಿತ್ತು. ‘ಇಷ್ಟು ನೀರು ಬಿಟ್ಟಿದ್ದೇವೆ, ಇಂಥ ಹೊತ್ತಿಗೆ ಗೋಕಾಕ ಮುಟ್ಟೀತು, ದಂಡೆಯ ಮನೆಗಳಿಗೆ ಹೊಕ್ಕೀತು’ ಎಂದು ಬರೆಯಲು ಕನ್ನಡಕ್ಕೆ ಬರುವುದಿಲ್ಲವೆ? ಅಜ್ಜಿಯ ‘ಬಿದ್ದೀ’ ಎಂಬ ಧಾಟಿ ಸರ್ಕಾರದ ಕಾಗದದಲ್ಲಿ ಬಂದರೆ ಮರ್ಯಾದೆ ಕಡಿಮೆಯಾದೀತೆಂಬ ಅಳುಕು ಇದ್ದಂತಿದೆ.

ಬರವಣಿಗೆಯ ಕನ್ನಡದಿಂದ ಈ ರೂಪ ಮೆಲ್ಲಗೆ ಹಿಂದೆ ಸರಿಯುತ್ತಿದೆ ಎಂಬುದೂ ನಿಜ. ಹೊಸ ತಲೆಮಾರಿನವರ ಬರಹದಲ್ಲಿ ‘ಬಂದಾನು’ ಇರುವ ಕಡೆ ‘ಬಹುಶಃ ಬರಬಹುದು’ ಎಂದು ಬರುತ್ತದೆ. ಬಹುಶಃವೂ ಬಹುದೂ ಒಟ್ಟಿಗೆ ಬಂದರೆ ಒಂದರ ಕೆಲಸಕ್ಕೆ ಇಬ್ಬರು ಕೂಲಿ. ಆಡುಮಾತಿನಲ್ಲಿ, ಅದರಲ್ಲೂ ಘಟಪ್ರಭೆಯ ಆಚೀಚೆ, ಅದಕ್ಕೆ ಇನ್ನೂ ಜೀವ ಇದೆ.

ಮೊನ್ನೆ ಫೋನಿನಲ್ಲಿ ಮಾಮಾನನ್ನು ಕೇಳಿದೆ, ‘ಈ ಸಲ ಹೊಳಿ ಹೆಂಗೈತಿ?’

‘ತುಂಬೈತಿ. ಬಂದೀತ’ ಎಂದ. ‘ಚೀಲಾ ಅಟ್ಟದ ಮ್ಯಾಲ ಇಟ್ಟೀನಿ.’